ಬಿತ್ತದ ಸಾಹೇಬರು

ನಾನು ಕೆಲಸಕ್ಕೆ ಸೇರಿದಾಗ ಸಿರುಗುಪ್ಪದ ರೈತರು ಅವರನ್ನು ‘ಬಿತ್ತೋ ಸಾಹೇಬ್ರು’ ಎಂದು ಕರೆಯುತ್ತಿದ್ದರು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದೇ ಜನ, ಅದೇ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು, ಒಂದಕ್ಷರ ಬದಲಿಸಿ ‘ಬಿತ್ತದ ಸಾಹೇಬ್ರು’ ಎನ್ನತೊಡಗಿದರು. ಎರಡು ಹೆಸರೂ ಅವರ ಕಿವಿಗೆ ಬಿದ್ದಿದ್ದವು. ಮೊದಲನೆಯದಕ್ಕೆ ನಗುತ್ತಿದ್ದರು. ಎರಡನೆಯದಕ್ಕೆ, “ಸರಿಯಾಗೇ ಅಂತಾರ ಬಿಡು” ಎಂದು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಒಂದು ಹೆಸರಿನಿಂದ ಇನ್ನೊಂದಕ್ಕೆ ಅವರು ಹೇಗೆ ಬಂದರೆಂಬುದನ್ನು ಹತ್ತಿರದಿಂದ ಕಂಡವನು ನಾನು. ಬರೀ ಕಂಡವನಲ್ಲ, ಅದರಲ್ಲಿ ನನ್ನ ಕೈಯೂ ಇತ್ತು.

ಅದು ಯುದ್ಧದ ಕಾಲ. ಬಳ್ಳಾರಿ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಅವರು ಬೇಸಾಯದ ಇಲಾಖೆಯಲ್ಲಿ ಡಿಮಾನ್‌ಸ್ಟ್ರೇಟರ್. ಹೊಸ ಬೀಜ, ಹೊಸ ಗೊಬ್ಬರ ಏನು ಬಂದರೂ ರೈತರ ಹೊಲದಲ್ಲೇ ಬೆಳೆದು ತೋರಿಸುವುದು ಅವರ ಕೆಲಸ. ನಾನು ಅವರ ಕೈಕೆಳಗಿನ ಮೇಸ್ತ್ರಿ. ಅವರು ಹೇಳಿದ್ದನ್ನು ಆಳುಗಳಿಂದ ಮಾಡಿಸುವವನು, ಆಳು ಬರದ ದಿನ ನಾನೇ ಮಾಡುವವನು. ನಮ್ಮ ಡಿಪೋ ಸಿರುಗುಪ್ಪದಲ್ಲಿತ್ತು. ಕುರುಗೋಡಿನ ಕಡೆಯ ಊರುಗಳೂ ನಮ್ಮ ಪಾಲಿಗೇ ಬಂದಿದ್ದವು.

ಅವರಿಗೆ ಆಗ ನಲವತ್ತೈದು ದಾಟಿತ್ತು. ಬಳ್ಳಾರಿಯ ಹತ್ತಿ ವ್ಯಾಪಾರಸ್ಥರ ಮನೆಯ ಕೊನೆಯ ಮಗ. ಅಣ್ಣಂದಿರು ಗಾದಿಯ ಮೇಲೆ ಕುಳಿತು ವ್ಯಾಪಾರ ನೋಡಿಕೊಂಡರೆ ಇವರು ಕೊಯಮತ್ತೂರಿಗೆ ಹೋಗಿ ಬೇಸಾಯ ಓದಿಕೊಂಡು ಬಂದಿದ್ದರು. ಹಣೆಯ ತುಂಬ ವಿಭೂತಿ, ಸೈಕಲ್ಲಿನ ಸರಪಳಿಗೆ ಸಿಗದಂತೆ ಎತ್ತಿ ಕಟ್ಟಿದ ಪಂಚೆ, ಜೇಬುಗಳೆರಡೂ ಜೋತುಬಿದ್ದ ಖಾಕಿ ಕೋಟು. ಆ ಜೇಬುಗಳಲ್ಲಿ ಸದಾ ಬೀಜದ ಪೊಟ್ಟಣಗಳಿರುತ್ತಿದ್ದವು. ಬೆಂಗಳೂರು, ಪುಣೆಗಳ ಬೀಜದಂಗಡಿಗಳ ಪಟ್ಟಿ ತರಿಸಿ, ಜನ ಪಂಚಾಂಗ ಓದುವಷ್ಟು ಶ್ರದ್ಧೆಯಿಂದ ಓದುತ್ತಿದ್ದರು. ನಮ್ಮ ಸೀಮೆಯಲ್ಲಿ ಯಾರೂ ಕಣ್ಣಿಂದ ನೋಡದ ತರಕಾರಿಗಳೇ ಅವರಿಗೆ ಬೇಕು. ಸೆಲರಿ, ಲೀಕ್, ಪಾರ್ಸ್ನಿಪ್, ಗೋಲಿಯಷ್ಟೇ ದೊಡ್ಡದಾಗುವ ಕೋಸು, ಬಿಳಿ ಬದನೆ, ಹಳದಿ ಟೊಮ್ಯಾಟೊ. ಅಂಚೆಯಲ್ಲಿ ಬಂದ ಪೊಟ್ಟಣವನ್ನು ಒಡೆಯುವ ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.

“ಒಣಗಿದ ಕಾಳಿನ ಸದ್ದ ಬ್ಯಾರೆ, ಹಸಿ ಕಾಳಿನ ಸದ್ದ ಬ್ಯಾರೆ” ಎಂದು ನನ್ನ ಕಿವಿಗೂ ಹಿಡಿಯುತ್ತಿದ್ದರು. ನನಗೆ ಎರಡೂ ಒಂದೇ ಥರ ಕೇಳುತ್ತಿದ್ದವು. ಆದರೂ ಹೌದು ಎನ್ನುತ್ತಿದ್ದೆ.

ಆ ದಿನಗಳಲ್ಲಿ ತರಿಸಿದ್ದನ್ನೆಲ್ಲ ಬಿತ್ತುತ್ತಿದ್ದರು. ಸಿರುಗುಪ್ಪದ ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಳೆದದ್ದನ್ನು ಊರೆಲ್ಲ ಹಂಚುವರು. ಒಮ್ಮೆ ಅವರು ಕಳಿಸಿದ ಬೀಟ್‌ರೂಟನ್ನು ಒಬ್ಬ ಗುಮಾಸ್ತರ ತಾಯಿ ಹೆಚ್ಚಿ, ಕೈಯೆಲ್ಲ ರಕ್ತದಂತೆ ಕೆಂಪಾದದ್ದು ಕಂಡು, ಈಳಿಗೆಮಣೆ ಸಮೇತ ತಿಪ್ಪೆಗೆಸೆದು ಬಂದು ಸ್ನಾನ ಮಾಡಿದ್ದರು. ಸಾಹೇಬರ ಹೆಂಡತಿ ಇದನ್ನು ಹೇಳಿ ಹೇಳಿ ನಗುತ್ತಿದ್ದರು. “ನಮ್ಮನ್ಯಾಗ ಎಲ್ಲಾ ಐತಿ ನೋಡಪಾ, ದೊರಿ ಊಟದ ಕಾಯಿಪಲ್ಲೆ ಎಲ್ಲಾ ಐತಿ. ಸಾರಿಗೆ ಹಾಕಾಕ ಒಂದು ಬದನಿಕಾಯಿ ಇಲ್ಲ” ಎನ್ನುವರು. ಸಾಹೇಬರು ಪಾಪ, ಆ ಸಂಜೆಯೇ ಎರಡು ಬದನೆ ಸಸಿ ತಂದು ನೆಡುವರು. ಆ ಬದನೆಯೂ ಬಿಳಿಯದೇ.

ಹೀಗಿರುವಾಗ ಮೇಲಿನಿಂದ ಒಂದು ಆಜ್ಞೆ ಬಂತು. ಬಳ್ಳಾರಿಯಲ್ಲಿ ಬೀಡುಬಿಟ್ಟಿದ್ದ ದಂಡಿಗೆ ತರಕಾರಿ ಬೇಕಾಗಿದೆ, ನೀರಿರುವ ಕಡೆಯೆಲ್ಲ ಎಲೆಕೋಸು ಬೆಳೆಸಬೇಕು, ಗುತ್ತಿಗೆದಾರನ ಲಾರಿ ಹೊಲಕ್ಕೇ ಬಂದು ಒಯ್ಯುತ್ತದೆ ಎಂದು. ಉಳಿದವರಿಗೆ ಅದೊಂದು ತಲೆನೋವು, ಇವರಿಗೆ ಹಬ್ಬ. ತಾವು ಹಿತ್ತಲಲ್ಲಿ ಮಾಡುತ್ತಿದ್ದದ್ದನ್ನು ಸರ್ಕಾರವೇ ಮಾಡಿ ಎಂದಿದೆ! ಕಣ್ಣಲ್ಲಿ ನಿದ್ದೆಯಿಲ್ಲದಂತೆ ಊರೂರು ತಿರುಗಿದರು.

ಕುರುಗೋಡಿನ ಹತ್ತಿರದ ಬಾದನಹಟ್ಟಿಯಲ್ಲಿ ನೀರಾವರಿ ಇದ್ದ ದೊಡ್ಡ ರೈತರು ಯಾರೂ ಒಪ್ಪಲಿಲ್ಲ. ಕೊನೆಗೆ ಊರಿನ ಗೌಡರು, ಬೇಡವೆಂದರೆ ಸರ್ಕಾರದ ಜೊತೆ ಕೆಡಬಹುದೆಂದು, ಎತ್ತುಗಳಿಂದ ನೀರೆತ್ತುವ ಕಪಿಲೆ ಬಾವಿಯ ಕೆಳಗಿನ ಒಂದು ಪಟ್ಟಿ ಹೊಲವನ್ನು ತೋರಿಸಿದರು. ನೆಲ ಗೌಡರದು. ಆದರೆ ಹದಿನೈದು ವರ್ಷದಿಂದ ಬೆಳೆಯಲ್ಲಿ ಪಾಲು ಕೊಟ್ಟು ಅದನ್ನು ಕೋರಿಗೆ ಮಾಡುತ್ತಿದ್ದವಳು ಹನುಮವ್ವ ಎಂಬ ವಿಧವೆ. ಮೂವತ್ತೈದರ ಹೆಂಗಸು, ಮನೆಯಲ್ಲಿ ಮುದಿ ಅತ್ತೆ, ಎರಡು ಹೆಣ್ಣುಮಕ್ಕಳು. ಕೂಲಿ ಇದ್ದ ದಿನ ಕೂಲಿ, ಇಲ್ಲದ ದಿನ ಈ ಪಟ್ಟಿ.

ನಾವು ಹೋದಾಗ ಆ ಪಟ್ಟಿಯ ಜಾಲಿಮುಳ್ಳಿನ ಬೇಲಿ ಕಾಣದಂತೆ ಅವರೆ ಬಳ್ಳಿ ಹಬ್ಬಿತ್ತು. ಬೇಲಿಯಿಂದ ಇಳಿದು ನೆಲದ ಮೇಲೂ ಹರಡಿ, ಅರ್ಧ ಹೊಲ ಮುಚ್ಚಿಕೊಂಡಿತ್ತು. ಗಣೇಶನ ಹಬ್ಬ ಮುಗಿದಿದ್ದ ಹೊತ್ತು. ಹೂ ಬಿಡಲು ಸುರುವಾಗಿತ್ತು. ಅದು ಅವರ ಮನೆತನದ ಅವರೆ. ಹನುಮವ್ವನ ಮಾವನ ತಾಯಿಯ ಕಾಲದಿಂದ ವರ್ಷ ವರ್ಷ ಬೀಜ ಎತ್ತಿಟ್ಟು ಹಾಕಿಕೊಂಡು ಬಂದದ್ದು. ಕಾಳು ದಪ್ಪ, ಬಿಳಿ, ಕಣ್ಣಿನ ಸುತ್ತ ಕುಂಕುಮದ ಗೆರೆಯಂತೆ ಕೆಂಪು ಅಂಚು. ಮಳೆ ಕೈಕೊಟ್ಟರೂ ಚಳಿಗಾಲದ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತದೆ ಎಂದು ಅವಳು ಹೇಳಿದಳು.

“ಇನ್ನೆರಡು ತಿಂಗಳು ಬಿಡ್ರಿ ಸಾಹೇಬ್ರ. ಕಾಯಿ ಬಿಡಿಸ್ಕೊಂಡು ಹೊಲ ಖಾಲಿ ಮಾಡಿ ಕೊಡ್ತೀನಿ” ಎಂದಳು.

“ಕೋಸು ಕಾಯಂಗಿಲ್ಲವ್ವ. ಚಳಿ ತಪ್ಪಿದ್ರ ಗಡ್ಡಿ ಕಟ್ಟಂಗಿಲ್ಲ. ಈ ಬೆಳಿ ಬರ್ಲಿ, ನಿನ್ನ ಅವರಿ ಹತ್ತು ವರ್ಷ ಕೊಡೋದನ್ನ ಒಂದು ಚಳಿಗಾಲದಾಗ ಕೊಡತೈತಿ” ಎಂದರು ಸಾಹೇಬರು. ಸುಳ್ಳು ಹೇಳಲಿಲ್ಲ, ಹಾಗೆಂದು ನಂಬಿದ್ದರು. ಹನುಮವ್ವ ಗೌಡರ ಮುಖ ನೋಡಿದಳು. ಗೌಡರು ಬೇರೆ ಕಡೆ ನೋಡಿದರು. “ಹೂಂ” ಎಂದಳು.

ಆಳು ಬಂದಿರಲಿಲ್ಲ. ಬಳ್ಳಿಗಳನ್ನು ನಾನೇ ಕಿತ್ತೆ. ಮಧ್ಯಾಹ್ನದೊಳಗೆ ಬೇಲಿ ಬೋಳಾಯಿತು.

ಎಲೆಕೋಸು ಬಹಳ ಚೆನ್ನಾಗಿ ಬಂತು. ಇದನ್ನು ಹೇಳಲೇಬೇಕು, ಯಾಕೆಂದರೆ ಸಾಹೇಬರಿಗೆ ಬೇಸಾಯ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಎರಡು ದಿನಕ್ಕೊಮ್ಮೆ ಸಿರುಗುಪ್ಪದಿಂದ ಸೈಕಲ್ಲಿನಲ್ಲಿ ಬಂದು ಹುಳು ಆರಿಸಿದರು. ಸಂಕ್ರಾಂತಿಯ ಹೊತ್ತಿಗೆ ಒಂದೊಂದು ಗಡ್ಡೆ ಬಿಂದಿಗೆಯಷ್ಟಾಯಿತು. ಊರವರು ಬಂದು ಬೆರಳಿಂದ ತಟ್ಟಿ ನೋಡಿ ಹೋದರು. ಹನುಮವ್ವನ ಮಕ್ಕಳು ಅದಕ್ಕೆ ಕಾವಲು ಕುಳಿತರು.

ಲಾರಿ ಬರಲಿಲ್ಲ. ದಂಡು ಬಳ್ಳಾರಿಯಿಂದ ಬೇರೆಲ್ಲಿಗೋ ಹೊರಟಿತ್ತು. ಅದು ನಮಗೆ ತಿಳಿದದ್ದೇ ಹತ್ತು ದಿನ ತಡವಾಗಿ. ಗುತ್ತಿಗೆದಾರ ಕೈಗೆ ಸಿಗಲಿಲ್ಲ. ಸಾಹೇಬರು ಎರಡು ಗಾಡಿ ಹೂಡಿಸಿ ಬಳ್ಳಾರಿಯ ಪೇಟೆಗೆ ಹೊಡೆಸಿಕೊಂಡು ಹೋದರೆ, ಅಲ್ಲಿ ಸುತ್ತಮುತ್ತಲ ಊರುಗಳ ಎಲೆಕೋಸು ಆಗಲೇ ಗುಡ್ಡ ಬಿದ್ದು ನಾರುತ್ತಿತ್ತು. ಹೊಲದಲ್ಲಿ ಉಳಿದ ಗಡ್ಡೆಗಳು ಬಿಸಿಲಿಗೆ ಬಿರಿದವು. ಹನುಮವ್ವ ಬೇಯಿಸಿ ನೋಡಿದಳು. ರೊಟ್ಟಿಗೆ ಹಿಟ್ಟಿಲ್ಲದೆ ಬರೀ ಕೋಸು ತಿಂದು ಮಕ್ಕಳು ಹೊಟ್ಟೆನೋವಿನಿಂದ ಒದ್ದಾಡಿದವಂತೆ. ಅದು ಜೋಳವನ್ನೂ ಪಡಿತರದಲ್ಲಿ ಅಳೆದು ಕೊಡುತ್ತಿದ್ದ ಕಾಲ.

ಯುಗಾದಿ ಕಳೆದ ಮೇಲೆ ಸಾಹೇಬರೂ ನಾನೂ ಮತ್ತೆ ಬಾದನಹಟ್ಟಿಗೆ ಹೋದೆವು. ಸಾಹೇಬರಿಗೆ ಒಂದು ಧೈರ್ಯವಿತ್ತು. ಬಳ್ಳಿ ಕಿತ್ತರೇನು, ಹಿಂದಿನ ವರ್ಷದ ಬೀಜ ಬೂದಿಯಲ್ಲಿ ಹೂತು ಗಡಿಗೆಯಲ್ಲಿಟ್ಟಿರುತ್ತಾಳೆ, ಮಳೆಗಾಲಕ್ಕೆ ಮತ್ತೆ ಹಾಕಿಸಿದರಾಯಿತು ಎಂದು. ಹನುಮವ್ವ ಮನೆಯ ಮುಂದೆ ಕುಳಿತಿದ್ದಳು. ಅತ್ತೆ ತೀರಿಕೊಂಡು ಹದಿನೈದು ದಿನವಾಗಿತ್ತು.

“ಅವರಿ ಬೀಜ ಎಷ್ಟು ಐತವ್ವ?” ಎಂದು ಸಾಹೇಬರು ಕೇಳಿದರು.

“ತಿಂದ್ವಿ.”

“ಬೀಜಕ್ಕಂತ ಇಟ್ಟಿದ್ದು?”

“ಅದ ರೀ. ಹಸದ ಹೊಟ್ಟಿಗೆ ಬೀಜ ಯಾವ್ದು, ಕಾಳ ಯಾವ್ದು ಗೊತ್ತಾಗಂಗಿಲ್ಲ, ಸಾಹೇಬ್ರ. ನಮ್ಮತ್ತಿ ಬ್ಯಾಡ ಬ್ಯಾಡ ಅಂತು. ಆಮ್ಯಾಲೆ ತಾನೂ ತಿಂತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರೇನೋ. ಅವಳು ಗಡಿಗೆ ತಂದು ಬೋರಲು ಹಾಕಿ ತೋರಿಸಿದಳು; ಬೂದಿ ಬಿತ್ತು. ಸಾಹೇಬರು ಆ ಬೂದಿಯಲ್ಲಿ ಬೆರಳಾಡಿಸಿದರು. ಒಂದು ಕಾಳಾದರೂ ಸಿಗಬಹುದೆಂದು ಬಹಳ ಹೊತ್ತು ಆಡಿಸಿದರು. ಸಿಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಗೌಡರು ಆ ಪಟ್ಟಿಯನ್ನು ಬೇರೆಯವರಿಗೆ ಕೊಟ್ಟರು. ಹನುಮವ್ವ ಮಕ್ಕಳನ್ನು ಕಟ್ಟಿಕೊಂಡು ಸಿರುಗುಪ್ಪದ ಆಚೆ ಕರೂರಿನ ಗದ್ದೆಗಳಿಗೆ ನಾಟಿ ಕೂಲಿಗೆ ಹೋದಳು.

ಆಮೇಲೆ ಸಾಹೇಬರು ಸ್ವಂತಕ್ಕೆಂದು ಒಂದು ಬೀಜವನ್ನೂ ನೆಲಕ್ಕೆ ಹಾಕಲಿಲ್ಲ. ಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಇದೇ ನನಗೆ ಅರ್ಥವಾಗದ ಸಂಗತಿ. ಬೇಸರವಾಗಿದ್ದರೆ ಕೊಳ್ಳುವುದನ್ನೂ ಬಿಡಬೇಕಿತ್ತು. ಬೀಜದಂಗಡಿಗಳ ಪಟ್ಟಿಗಳು ಬರುತ್ತಲೇ ಇದ್ದವು, ಪೊಟ್ಟಣಗಳೂ. ಕಾಗದದ ಮೇಲಿನ ಬಣ್ಣದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುವರು, ಕಿವಿಗೆ ಹಿಡಿದು ಅಲ್ಲಾಡಿಸುವರು, ಟ್ರಂಕಿಗೆ ಹಾಕುವರು. ಒಂದು ದಿನ ಕೇಳಿಯೇಬಿಟ್ಟೆ. “ಹಾಕಂಗಿಲ್ಲ ಅಂದ ಮ್ಯಾಲೆ ಯಾಕ ತರಸ್ತೀರಿ ಸಾಹೇಬ್ರ?”

“ನೋಡೋ ಆಸಿ ಹೋಗಿಲ್ಲಲೇ ತಮ್ಮಾ. ಬಿತ್ತೋ ಕೈ ಹೋಗೈತಿ” ಎಂದರು.

ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಟ್ರಂಕು ತೆಗೆದು ಒಂದು ಕೆಲಸ ಮಾಡುತ್ತಿದ್ದರು. ಪ್ರತಿ ಪೊಟ್ಟಣದಿಂದ ಹತ್ತು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿಡುವರು. ವಾರ ಕಳೆದ ಮೇಲೆ ಬಿಚ್ಚಿ, ಎಷ್ಟು ಮೊಳೆತಿವೆ ಎಂದು ಪೊಟ್ಟಣದ ಮೇಲೆ ಸೀಸದ ಕಡ್ಡಿಯಿಂದ ಬರೆಯುವರು. ಮೊದಲ ವರ್ಷ ಎಂಟು. ಮರುವರ್ಷ ಐದು. ಆಮೇಲೆ ಎರಡು. ಸೊನ್ನೆ ಬರೆದ ಪೊಟ್ಟಣವನ್ನೂ ಎಸೆಯುತ್ತಿರಲಿಲ್ಲ. ಬಟ್ಟೆಯಲ್ಲಿ ಮೊಳೆತ ಕಾಳುಗಳನ್ನು ಹಿತ್ತಲ ಗೋಡೆಯ ಮೇಲೆ ಗುಬ್ಬಿಗಳಿಗೆ ಇಡುತ್ತಿದ್ದರು. ಬಿಳಿ ಬೇರು ಬಿಟ್ಟ ಕಾಳುಗಳವು. ಮೂರು ಮಾರು ದೂರದಲ್ಲೇ ಮಣ್ಣಿತ್ತು.

ಒಂದು ವರ್ಷ ಮನಸ್ಸು ಗಟ್ಟಿ ಮಾಡಿಕೊಂಡರು. ತಾವೇ ಹಿತ್ತಲು ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ ಎರಡು ಮಡಿ ಮಾಡಿದರು. ಅಂಥ ಹದವಾದ ಮಡಿ ನಾನು ಮಾಡಿಸಿದ್ದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಸೆಲರಿಯ ಪೊಟ್ಟಣ ಹಿಡಿದು ಮಡಿಯ ಮುಂದೆ ಕುಳಿತರು. ಬಿಸಿಲು ಏರಿತು. ಅವರ ಹೆಂಡತಿ ಎರಡು ಸಲ ಊಟಕ್ಕೆ ಕರೆದರು. ಸಾಹೇಬರು ಎದ್ದು, ಪೊಟ್ಟಣ ಜೇಬಿಗೆ ಹಾಕಿ, ಕಾಲು ತೊಳೆದುಕೊಂಡು ಒಳಗೆ ಹೋದರು. ಆ ಮಡಿಗಳು ಚಳಿಗಾಲ ಮುಗಿಯುವ ತನಕ ಹಾಗೇ ಇದ್ದವು. ಅವರು ದಿನವೂ ಕಳೆ ಕೀಳುತ್ತಿದ್ದರು, ನೀರೂ ಹಾಕುತ್ತಿದ್ದರು.

“ಬರೇ ಮಣ್ಣಿಗೆ ನೀರು ಹಾಕ್ತಾರ ನೋಡಪಾ” ಎಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿದರು. ಆ ಸಲ ಅವರು ನಗಲಿಲ್ಲ. “ನೀನರ ಏನರ ಮಾಡು. ಇವರ ಮನಸ್ನ್ಯಾಗ ಏನೋ ಕುಂತೈತಿ, ನನಗ ಹೇಳವಲ್ಲರು.”

ಕಚೇರಿಯ ಕೆಲಸದಲ್ಲಿ ಒಂದು ದಿನವೂ ತಪ್ಪಲಿಲ್ಲ. ಭತ್ತದ ಬೀಜ, ಹಿಂಡಿ ಗೊಬ್ಬರ ಎಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿದ್ದರು. ಆದರೆ ಯಾರಾದರೂ ಹೊಸದೊಂದನ್ನು ಹಾಕುತ್ತೇನೆಂದು ಮುಂದೆ ಬಂದರೆ ಅವರ ಪ್ರಶ್ನೆ ಒಂದೇ: “ಇದು ಹೋದ್ರ ಈ ವರ್ಷ ಏನ್ ತಿಂತಿ?” ಉತ್ತರ ಸರಿ ಬರದಿದ್ದರೆ ಬೀಜ ಕೊಡುತ್ತಿರಲಿಲ್ಲ. ಹೊಸ ಹತ್ತಿಯ ತಳಿಯೊಂದನ್ನು ಇಷ್ಟು ಎಕರೆಗೆ ಹಬ್ಬಿಸಲೇಬೇಕೆಂದು ಮೇಲಿನವರು ಬರೆದಾಗ, ಜೋಳದ ಹೊಲವನ್ನು ಮುಟ್ಟುವುದಿಲ್ಲ ಎಂದು ಉತ್ತರ ಬರೆದರು. ಅವರಿಗಿಂತ ಚಿಕ್ಕವರು ಮೇಲಕ್ಕೆ ಹೋದರು. ಇವರು ಇದ್ದಲ್ಲೇ ಇದ್ದರು. ಚಹಾದಂಗಡಿಯ ಕಟ್ಟೆಯ ಮೇಲೆ ಹೊಸ ಹೆಸರು ಹುಟ್ಟಿದ್ದು ಆಗಲೇ.

ಯಾರಿಗೂ ಗೊತ್ತಿಲ್ಲದ ಇನ್ನೊಂದು ಕೆಲಸವೂ ನಡೆದಿತ್ತು. ಯಾವ ಊರಿಗೆ ಹೋದರೂ ಅವರೆ ಬಳ್ಳಿ ಕಂಡರೆ ಸೈಕಲ್ ಇಳಿಯುತ್ತಿದ್ದರು. ಕಾಯಿ ಸುಲಿದು ಕಾಳಿನ ಕಣ್ಣು ನೋಡುತ್ತಿದ್ದರು. ಕುರುಗೋಡಿನ ಸಂತೆಯಲ್ಲಿ ಕಾಳು ಮಾರುವ ಹೆಂಗಸರ ಬುಟ್ಟಿಗೆ ಕೈ ಹಾಕಿ ಬೈಸಿಕೊಂಡಿದ್ದೂ ಉಂಟು. ಮೂರು ವರ್ಷ ಹುಡುಕಿದರು. ಕಡೆಗೆ ಬಳ್ಳಾರಿಯ ಹತ್ತಿರ ಸಂಗನಕಲ್ಲಿನಲ್ಲಿ, ಗುಡ್ಡದ ಬುಡದ ಒಂದು ಗುಡಿಸಲ ಮೇಲೆ ಆ ಬಳ್ಳಿ ಸಿಕ್ಕಿತು. ನಾನೂ ಜೊತೆಗಿದ್ದೆ. ಕಾಯಿ ಬಿಡಿಸಿದರೆ ದಪ್ಪ ಬಿಳಿ ಕಾಳು, ಕಣ್ಣಿನ ಸುತ್ತ ಕೆಂಪು ಗೆರೆ. ಸಾಹೇಬರು ಇನ್ನೊಂದು ಕಾಯಿ ಬಿಡಿಸಿ ನೋಡಿದರು.

ಗುಡಿಸಲಿನಿಂದ ಒಬ್ಬ ಮುದುಕಿ ಬಂದಳು. ಎಡಗಣ್ಣಿಗೆ ಹೂ ಬಿದ್ದಿತ್ತು. “ಇದು ನನ್ನ ತವರು ಮನಿ ಅವರಿ. ಬಾದನಹಟ್ಟೀದು. ಬರೋ ಮುಂದ ಸೆರಗಿನ್ಯಾಗ ಕಟ್ಟಿಕೊಂಡು ಬಂದಿದ್ದೆ” ಎಂದು ಹೇಳಿ ಒಂದು ಹಿಡಿ ಒಣ ಕಾಳು ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು ಆ ಪೊಟ್ಟಣವನ್ನು ಜೇಬಿಗೆ ಹಾಕದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೂರು ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಮಾರನೆಯ ದಿನ ಕರೂರಿಗೆ ಹೋದೆವು. ಹನುಮವ್ವ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಮೊಣಕಾಲತನಕ ಕೆಸರು. ಬದುವಿನ ಮೇಲೆ ಬಂದು ನಿಂತಳು. ಸಾಹೇಬರು ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಹಿಡಿದರು. ಅವಳು ಬಗ್ಗಿ ನೋಡಿದಳು. ಕೈ ಒದ್ದೆಯಿತ್ತೆಂದು ಮುಟ್ಟಲಿಲ್ಲ.

“ಅವ. ನಮ್ಮವ ಅವು” ಎಂದಳು.

“ಹುಡುಕಿ ತಂದೀನವ್ವ. ನಿನಗಂತ ತಂದೀನಿ. ತಗೋ.”

ಅವಳು ಕಾಳುಗಳನ್ನು ನೋಡುತ್ತ ನಿಂತಳು. ಆಮೇಲೆ ತಲೆಯೆತ್ತಿ ಕೇಳಿದಳು: “ಎಲ್ಲಿ ಹಾಕ್ಲಿ ಸಾಹೇಬ್ರ?”

ಸುತ್ತ ಕಣ್ಣು ಹರಿಯುವ ತನಕ ಗದ್ದೆ. ಒಂದಂಗುಲವೂ ಅವಳದಲ್ಲ. ಅವಳಿದ್ದದ್ದು ಒಡೆಯರ ದನದ ಕೊಟ್ಟಿಗೆಯ ಪಕ್ಕದ ಒಂದು ಮರೆಯಲ್ಲಿ. ಸಾಹೇಬರು ಪೊಟ್ಟಣವನ್ನು ಮತ್ತೆ ಮಡಿಚಿದರು. ಕಡೆಗೆ, “ನಮ್ಮ ಹಿತ್ತಲ ಐತಿ...” ಎಂದರು.

“ನಿಮ್ಮ ಹಿತ್ತಲ ನಿಮ್ದು ರೀ” ಎಂದು ಅವಳು ಮತ್ತೆ ಗದ್ದೆಗಿಳಿದಳು. ಸಾಲು ತಪ್ಪಿದರೆ ಬೈಯುವ, ಆಳುಗಳ ಮೇಲಿನ ಮೇಟಿ ಆ ತುದಿಯಲ್ಲಿ ನಿಂತಿದ್ದ.

ಹೌದು, ಆ ಅವರೆಯೂ ಟ್ರಂಕು ಸೇರಿತು. ನಾನು ಜಗಳವಾಡಿದೆ. “ನೀವರ ಹಾಕ್ರಿ, ಇಲ್ಲಾ ನನಗ ಕೊಡ್ರಿ, ನಾ ಹಾಕ್ತೀನಿ. ಇಟ್ರ ಸಾಯ್ತಾವ” ಎಂದೆ. “ಒಂದು ಹಿಡಿ ಐತಿ. ಮಳಿ ಹೋದ್ರ? ದನ ಮೇಯ್ದ್ರ? ಒಮ್ಮೆ ಹಾಳು ಮಾಡೀನಿ, ಎರಡನೇ ಸಲ ಮಾಡಂಗಿಲ್ಲ. ಅಕಿಗೆ ಮಣ್ಣು ಸಿಗ್ಲಿ, ಅಕಿ ಕೈಲೇ ಹಾಕ್ಲಿ” ಎಂದರು. ಶ್ರಾವಣ ಬಂದಾಗ ಅದರಿಂದಲೂ ಕಾಳೆಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಆ ಪೊಟ್ಟಣಕ್ಕೆ ಮಾತ್ರ ಹತ್ತರ ಬದಲು ಎರಡೇ ಕಾಳು. ಎರಡೂ ಮೊಳೆತವು. ಮುಂದಿನ ವರ್ಷವೂ ಎರಡು. ಅದರ ಮುಂದಿನ ವರ್ಷ ಒಂದು.

ನನ್ನನ್ನು ಆಮೇಲೆ ಬೇರೆ ಕಡೆ ವರ್ಗ ಮಾಡಿದರು. ಅವರು ನಿವೃತ್ತಿಯಾಗುವ ಮೊದಲೇ ಎದೆನೋವು ಹಿಡಿದು, ರಜೆ ಹಾಕಿ, ಬಳ್ಳಾರಿಯ ಕೋಟೆ ಬುಡದ ಅಣ್ಣಂದಿರ ಮನೆಯ ಒಂದು ಭಾಗದಲ್ಲಿ ಬಂದು ಇದ್ದರು. ಜಿಲ್ಲೆ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂದು ಬೀದಿಬೀದಿಯಲ್ಲಿ ವಾದ ನಡೆದಿದ್ದ ದಿನಗಳವು. ನಾನು ನೋಡಲು ಹೋದಾಗ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ: “ಈ ವರ್ಷ ಕರೂರಿಗೆ ಹೋಗಾಕ ಆಗಿಲ್ಲ ನನಗ. ಅಕಿಗೆ ಮಣ್ಣು ಸಿಕ್ಕೈತೇನ್ ಕೇಳಿ ಬಾ.”

ಹೋಗುತ್ತೇನೆ ಎಂದೆ. ಕೆಲಸದ ಗಡಿಬಿಡಿಯಲ್ಲಿ ಹೋಗಲಿಲ್ಲ. ಆ ಕಾರ್ತಿಕದಲ್ಲಿ ಅವರು ತೀರಿಕೊಂಡರು.

ಹದಿನೈದು ದಿನಕ್ಕೆ ಅವರ ಹೆಂಡತಿ ನನ್ನನ್ನು ಕರೆಸಿ ಟ್ರಂಕು ತೋರಿಸಿದರು. “ಇರುವಿ ಹತ್ಯಾವ. ಬಿಸಾಕಾಕ ನನ್ನ ಕೈ ಬರವಲ್ದು. ನೀ ಒಯ್ಯಿ” ಎಂದರು. ನೂರಕ್ಕೂ ಹೆಚ್ಚು ಪೊಟ್ಟಣಗಳು. ಬಣ್ಣದ ಚಿತ್ರಗಳು ಮಾಸಿದ್ದವು. ಬಹುತೇಕ ಎಲ್ಲದರ ಮೇಲೂ ಕೊನೆಯ ಅಂಕಿ ಸೊನ್ನೆ. ಅವರೆಯ ಪೊಟ್ಟಣ ಒಂದನ್ನು ತೆಗೆದುಕೊಂಡು, ಉಳಿದವನ್ನು ಕೋಟೆ ಗುಡ್ಡದ ಇಳಿಜಾರಿನಲ್ಲಿ ಸುರಿದು ಬಂದೆ. ಯಾವುದೂ ಹುಟ್ಟಲಿಲ್ಲ.

ಕರೂರಿಗೆ ಹೋಗಿ ನೋಡಿದರೆ ಹನುಮವ್ವನಿಗೆ ಮಣ್ಣು ಸಿಕ್ಕು ವರ್ಷವಾಗಿತ್ತು. ದೊಡ್ಡ ಮಗಳ ಗಂಡ ಕಾಲುವೆ ಕೆಲಸದವನು. ಕಾಲುವೆಯ ದಂಡೆಗೆ ಗುಡಿಸಲು ಹಾಕಿಕೊಂಡಿದ್ದರು. ಹಿಂದೆ ಹತ್ತು ಮೊಳ ಜಾಗ. ಸಾಹೇಬರು ಹೋದರೆಂದು ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡಳು. ನಾನು ಪೊಟ್ಟಣ ಕೊಟ್ಟೆ. ಅವಳು ಒಂದು ಕಾಳನ್ನು ಹಲ್ಲಿನಿಂದ ಕಡಿದು ಒಡೆದು, ಒಳಗನ್ನು ನೋಡಿದಳು. ಇನ್ನೊಂದನ್ನು ಒಡೆದಳು. ಮೂರನೆಯದನ್ನೂ.

“ಸತ್ತಾವ ತಮ್ಮಾ” ಎಂದಳು. “ಎಲ್ಲಿಂದ ತಂದಿದ್ರು ಇವನ್ನ?”

ಆಗ ನನಗೆ ಹೊಳೆಯಿತು. ಇಷ್ಟು ವರ್ಷವೂ ನಾವು ಅದನ್ನು ಅವಳಿಗೆ ಹೇಳಿರಲೇ ಇಲ್ಲ. ಕಾಳು ಸಿಕ್ಕಿತೆಂಬ ಸಂಭ್ರಮದಲ್ಲಿ ಸಾಹೇಬರು ಹೇಳಲಿಲ್ಲ. ‘ಎಲ್ಲಿ ಹಾಕ್ಲಿ’ ಎಂದ ಮೇಲೆ ಬೇರೆ ಮಾತೇ ಬರಲಿಲ್ಲ. ಸಂಗನಕಲ್ಲಿನ ಮುದುಕಿ, ಬಾದನಹಟ್ಟಿ ತವರು ಎಂದೆ.

“ಎಡಗಣ್ಣಿಗೆ ಹೂ ಬಿದ್ದೈತೇನು?”

“ಹೌದು.”

ಹನುಮವ್ವ ಎದ್ದು ನಿಂತಳು. “ನಮ್ಮ ಮಾವನ ತಂಗಿ ಆಕಿ! ಅಣ್ಣನ ಜೊತಿ ಜಗಳಾಡಿ ಊರು ಬಿಟ್ಟು ಹ್ವಾದಾಕಿ ಹೊಳ್ಳಿ ಬರಲಿಲ್ಲ. ಸತ್ತಾಳಂತ ತಿಳಕೊಂಡಿದ್ವಿ. ಬಸ್ಸು ಎಷ್ಟೊತ್ತಿಗೆ ಐತಿ?”

ಅಂದೇ ಹೊರಟೆವು. ಸಂಗನಕಲ್ಲಿನ ಗುಡಿಸಲ ಮೇಲೆ ಬಳ್ಳಿ ಕಾಯಿ ಬಿಟ್ಟಿತ್ತು. ಮುದುಕಿಗೆ ಈಗ ಬಲಗಣ್ಣೂ ಕಾಣುತ್ತಿರಲಿಲ್ಲ. ಹನುಮವ್ವ ತಾನು ಯಾರ ಸೊಸೆಯೆಂದು ಹೇಳಿದಾಗ ಮುದುಕಿ ಅವಳ ಮುಖವನ್ನು ಕೈಯಿಂದ ಸವರಿ, “ನಮ್ಮಣ್ಣ ಬೈದಿದ್ದನ್ನ ನಾ ಎಂದೋ ಮರತಿದ್ನವ್ವ. ಕರಿಯಾಕ ಯಾರೂ ಬರಲಿಲ್ಲ” ಎಂದು ಅತ್ತಳು. ಇಬ್ಬರೂ ಅತ್ತರು. ನಾನು ಹೊರಗೆ ಬಂದು ನಿಂತೆ. ಹನುಮವ್ವ ಹೊರಟಾಗ ಅವಳ ಮಡಿಲಲ್ಲಿ ಎರಡು ಸೇರು ಕಾಳಿತ್ತು.

ಸಿರುಗುಪ್ಪದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ಕುರುಗೋಡಿನ ಗುಡ್ಡಗಳು ದೂರದಲ್ಲಿ ಕಂಡಾಗ ನನಗೆ ತಡೆಯಲಾಗಲಿಲ್ಲ.

“ಅವತ್ತು ನಿನ್ನ ಬಳ್ಳಿ ಕಿತ್ತವ ನಾನವ್ವ. ಸಾಹೇಬ್ರು ಹೇಳಿದ್ರು, ಕಿತ್ತವ ನಾನು” ಎಂದೆ.

“ಗೊತ್ತೈತಿ. ಮುಂದ ನಿಂತಿದ್ದಿಲ್ಲೇನು ನಾನು?” ಎಂದಳು. “ಬೇಲಿ ಮುಳ್ಳು ನಿನ್ನ ಅಂಗೈಯಾಗ ಮುರದಿತ್ತು. ರಕ್ತ ಬಂದು ಒದ್ದಾಡಿದಿ. ನಾನ ಸೂಜಿ ತಂದು ತಗದು, ಅರಿಷಿಣ ಹಚ್ಚಿದ್ದೆ. ಮರತೇನು?”

ನನಗೆ ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಬೋಳಾದ ಬೇಲಿ ನೆನಪಿತ್ತು, ಮಧ್ಯಾಹ್ನದ ಬಿಸಿಲು ನೆನಪಿತ್ತು, ಇದು ಮಾತ್ರ ಇರಲಿಲ್ಲ.

“ಸಾಹೇಬ್ರು ವರ್ಷಕ್ಕೊಮ್ಮೆ ಕರೂರಿಗೆ ಬಂದಾಗೆಲ್ಲ ಅದನ್ನ ಹೇಳ್ತಿದ್ರು” ಎಂದಳು ಹನುಮವ್ವ. “‘ನಿನ್ನ ಬಳ್ಳಿ ಕೀಳಾಕ ಬಂದವನ ಕೈಯಾಗಿನ ಮುಳ್ಳ ನೀ ತಗದಿ. ನಾ ಅದನ್ನ ನೋಡಿದ ಮ್ಯಾಲೂ ಉಳಿದಿದ್ದ ಬಳ್ಳಿ ಕೀಳಿಸಿದೆ’ ಅಂತಿದ್ರು. ಬ್ಯಾರೆ ಏನೂ ಮಾತಾಡ್ತಿದ್ದಿಲ್ಲ. ಒಂದು ಚರಿಗಿ ನೀರು ಕುಡದು ಹೋಗ್ತಿದ್ರು.”

ಅಷ್ಟು ವರ್ಷ ಜೊತೆಗೆ ಸೈಕಲ್ ತುಳಿದಿದ್ದೆವು, ಒಂದೇ ಬುತ್ತಿ ಬಿಚ್ಚಿ ಉಂಡಿದ್ದೆವು. ಆ ಮಾತನ್ನು ಅವರು ನನ್ನೆದುರು ಒಮ್ಮೆಯೂ ಎತ್ತಿರಲಿಲ್ಲ.